ಅಳಿಸಿದ ಗೆರೆ ಸಾಕ್ಷಿ ಹೇಳುತ್ತದೆಯೇ?

ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಡ್ಜ್, ಮುಂಬೈಯ ನಳಿನಿ ಮಲಾನಿ, ಅಮೆರಿಕದ ಕಾರಾ ವಾಕರ್ ಯಾರೂ ಕಾರ್ಟೂನ್ ಸ್ಟುಡಿಯೊಗಳಿಂದ ಬಂದವರಲ್ಲ. ಮೂವರೂ ಚಿತ್ರ ಬರೆಯುವವರು. ಆದರೂ ತಮ್ಮ ಸಮಾಜದ ಅತಿ ಕ್ರೂರ ಸಂಗತಿಗಳನ್ನು ಹೇಳಬೇಕಾದಾಗ ಇವರು ಅನಿಮೇಷನ್ ಕಡೆ ತಿರುಗಿದರು. ವರ್ಣಭೇದ, ಗುಲಾಮಗಿರಿ, ಮಗುವಿನ ಮೇಲಿನ ಅತ್ಯಾಚಾರ ಎಲ್ಲವೂ ಗೆರೆಯಾಗಿ, ನೆರಳಾಗಿ ಗ್ಯಾಲರಿಯ ಗೋಡೆಯ ಮೇಲೆ ಓಡಾಡಿದವು. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ ಇದು ವಿಮರ್ಶೆಯೋ, ನೋವಿಗೆ ಹಾಕಿದ ಅಲಂಕಾರವೋ? ಎರಡೂ ಪಕ್ಷ ಇಲ್ಲಿವೆ. ವಿರೋಧದ ಲೇಖನ ಪರ ಲೇಖನಕ್ಕೆ ಕೊಟ್ಟ ಉತ್ತರ.

ಪರ: ಕ್ಯಾಮೆರಾ ಹೋಗದ ಕಡೆ, ಹೋಗಬಾರದ ಕಡೆ

ಕೆಂಟ್ರಿಡ್ಜ್ ಕೆಲಸ ಮಾಡುವ ಕ್ರಮದಿಂದಲೇ ಶುರು ಮಾಡುತ್ತೇನೆ. ನನ್ನ ವಾದದ ಬುಡ ಅಲ್ಲೇ ಇದೆ. ಸ್ಟುಡಿಯೊ ಅನಿಮೇಷನ್ನಿನಲ್ಲಿ ಪ್ರತಿ ಚಲನೆಗೂ ಹೊಸ ಚಿತ್ರ ಬೇಕು, ಹಿಂದಿನದು ಕಣ್ಣಿಗೆ ಬೀಳಬಾರದು. ಜೊಹಾನ್ಸ್‌ಬರ್ಗ್‌ನ ಕೆಂಟ್ರಿಡ್ಜ್ ಇದನ್ನು ತಲೆಕೆಳಗು ಮಾಡಿದರು. ಗೋಡೆಗೆ ಒಂದು ದೊಡ್ಡ ಹಾಳೆ ಹಚ್ಚಿ ಇದ್ದಿಲಿನಲ್ಲಿ ಚಿತ್ರ ಬರೆಯುತ್ತಾರೆ. ಕೋಣೆಯ ಇನ್ನೊಂದು ಬದಿಯಲ್ಲಿರುವ ಕ್ಯಾಮೆರಾದವರೆಗೆ ನಡೆದು ಒಂದೆರಡು ಫ್ರೇಮ್ ತೆಗೆಯುತ್ತಾರೆ. ವಾಪಸ್ ಬಂದು ಚಿತ್ರದಲ್ಲಿನ ಕೈಯನ್ನೋ ಕಾಲನ್ನೋ ಚೂರು ಒರೆಸಿ, ಚೂರು ಪಕ್ಕದಲ್ಲಿ ಮತ್ತೆ ಬರೆದು, ಮತ್ತೆ ಕ್ಯಾಮೆರಾದ ಕಡೆಗೆ ನಡೆಯುತ್ತಾರೆ. ದೃಶ್ಯಗಳನ್ನು ಮೊದಲೇ ಸಾಲಾಗಿ ಬಿಡಿಸಿಟ್ಟ ಸ್ಟೋರಿಬೋರ್ಡ್ ಇಲ್ಲ, ಮೊದಲೇ ಬರೆದಿಟ್ಟ ಕಥೆಯೂ ಇಲ್ಲ. ಎಂಟೊಂಬತ್ತು ನಿಮಿಷದ ಒಂದು ಚಿತ್ರ ಕೆಲವೇ ಹತ್ತಾರು ಹಾಳೆಗಳ ಮೇಲೆ ಮುಗಿಯುತ್ತದೆ.

ಇದ್ದಿಲು ಪೂರ್ತಿ ಅಳಿಯುವುದಿಲ್ಲ. ಸ್ಲೇಟನ್ನು ಅಂಗೈಯಲ್ಲಿ ಒರೆಸಿದರೂ ಹಿಂದಿನ ಅಕ್ಷರ ಮಬ್ಬಾಗಿ ಉಳಿಯುತ್ತದಲ್ಲ, ಹಾಗೆ ಪ್ರತಿ ಚಲನೆಯ ಹಿಂದೆ ಬೂದುಬಣ್ಣದ ಗುರುತೊಂದು ನಿಂತುಬಿಡುತ್ತದೆ. ಮನುಷ್ಯ ನಡೆದು ಹೋದರೆ ಅವನು ನಡೆದ ದಾರಿಯೆಲ್ಲ ಕಲೆ. ಒಬ್ಬ ಸತ್ತು ಬಿದ್ದ ಜಾಗದಿಂದ ಹೆಣ ಮಾಯವಾದರೂ ಹಾಳೆಯ ಮೇಲೆ ಅಲ್ಲೊಂದು ಕೊಳೆ. ವರ್ಣಭೇದದ ಆಡಳಿತ ದಶಕಗಟ್ಟಲೆ ಮಾಡಿದ್ದು ಇದೇ ಅಳಿಸುವ ಕೆಲಸ. ಜನರನ್ನು ಒಕ್ಕಲೆಬ್ಬಿಸಿತು, ಊರುಗಳ ಗುರುತನ್ನು ತೆಗೆಯಿತು, ಸತ್ತವರ ಲೆಕ್ಕವನ್ನು ಮುಚ್ಚಿತು. ಅದನ್ನು ಟೀಕಿಸುವ ಕಲೆಗೆ ಅಳಿಸಿಯೂ ಅಳಿಯದ ಮಾಧ್ಯಮವೇ ಸಿಕ್ಕಿತು. ಇಲ್ಲಿ ವಸ್ತು ಬೇರೆ, ವಿಧಾನ ಬೇರೆ ಅಲ್ಲ. ವಿಮರ್ಶೆ ಎಂದರೆ ನನಗೆ ಇದು.

ಎಲ್ಲರಿಗೂ ಮತದ ಹಕ್ಕು ಸಿಕ್ಕ ಮೊದಲ ಚುನಾವಣೆ ಅಲ್ಲಿ ನಡೆದದ್ದು 1994ರ ಏಪ್ರಿಲ್‌ನಲ್ಲಿ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ, ಬೀದಿಗಳಲ್ಲಿ ಹೆಣ ಬೀಳುತ್ತಿದ್ದ ಹೊತ್ತಿನಲ್ಲಿ, ಕೆಂಟ್ರಿಡ್ಜ್ 'ಫೆಲಿಕ್ಸ್ ಇನ್ ಎಕ್ಸೈಲ್' ಮಾಡಿದರು. ನಂದಿ ಎಂಬ ಕಪ್ಪು ಹೆಣ್ಣುಮಗಳು ಸರ್ವೆ ಉಪಕರಣ ಹಿಡಿದು ಬಯಲನ್ನು ಅಳೆಯುತ್ತಾಳೆ. ಬಯಲಿನಲ್ಲಿ ಬಿದ್ದಿರುವ ದೇಹಗಳನ್ನು ಬರೆದಿಟ್ಟುಕೊಳ್ಳುತ್ತಾಳೆ. ಪೇಪರಿನ ಹಾಳೆಗಳು ಹಾರಿಬಂದು ಆ ದೇಹಗಳನ್ನು ಮುಚ್ಚುತ್ತವೆ, ಆಮೇಲೆ ದೇಹ ಕರಗಿ ನೆಲವಾಗುತ್ತದೆ. ಎಲ್ಲೋ ದೂರದ ಕೋಣೆಯಲ್ಲಿ ಬೆತ್ತಲೆ ಕೂತ ಫೆಲಿಕ್ಸ್ ಅವಳ ಚಿತ್ರಗಳನ್ನು ನೋಡುತ್ತಿದ್ದಾನೆ. ಹಾಳೆಗಳು ಸೂಟ್‌ಕೇಸಿನಿಂದೆದ್ದು ಗೋಡೆಗೆ ಅಂಟಿಕೊಳ್ಳುತ್ತವೆ. ಕಡೆಗೆ ನಂದಿಗೇ ಗುಂಡು ಬೀಳುತ್ತದೆ, ಅವಳೂ ನೆಲ ಸೇರುತ್ತಾಳೆ. ಇದನ್ನು ನೋಡಿದವರಿಗೆ ಖಾಲಿ ಬಯಲೊಂದು ಮತ್ತೆ ಖಾಲಿಯಾಗಿ ಕಾಣುವುದು ಕಷ್ಟ. ಛಾಯಾಚಿತ್ರ ಆ ಬಯಲನ್ನು ಖಾಲಿಯಾಗಿಯೇ ತೋರಿಸುತ್ತದೆ, ಏಕೆಂದರೆ ಕ್ಯಾಮೆರಾ ಹೋಗುವ ಹೊತ್ತಿಗೆ ಅದು ನಿಜವಾಗಿಯೂ ಖಾಲಿ.

ಇನ್ನೊಂದು ಚಿತ್ರದ ಒಂದೇ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. 1991ರ 'ಮೈನ್'. ಪಟ್ಟೆಪಟ್ಟೆ ಸೂಟಿನ ಗಣಿ ಧಣಿ ಸೋಹೋ ಎಕ್‌ಸ್ಟೈನ್ ಹಾಸಿಗೆಯಲ್ಲೇ ಕೂತು ತಿಂಡಿ ತಿನ್ನುತ್ತಿದ್ದಾನೆ. ಮುಂದೆ ಟ್ರೇ, ಟ್ರೇಯ ಮೇಲೆ ಕಾಫಿ ಪಾತ್ರೆ, ಮೇಲಿನಿಂದ ಹಿಡಿ ಒತ್ತಿ ಗಸಿ ಕೆಳಗಿಳಿಸುವಂಥದ್ದು. ಸೋಹೋ ಹಿಡಿಯನ್ನು ಒತ್ತುತ್ತಾನೆ. ಅದು ಪಾತ್ರೆಯ ತಳದಲ್ಲಿ ನಿಲ್ಲುವುದಿಲ್ಲ. ಟ್ರೇ ದಾಟಿ, ಹಾಸಿಗೆ ದಾಟಿ, ನೆಲ ಕೊರೆದು ಗಣಿಯ ಬಾವಿಯೊಳಗೆ ಇಳಿಯುತ್ತದೆ. ಸಾಲಾಗಿ ನಿಂತು ಸ್ನಾನ ಮಾಡುತ್ತಿರುವ ಕಾರ್ಮಿಕರು, ಗೂಡುಗಳಂಥ ಜಾಗದಲ್ಲಿ ಒತ್ತೊತ್ತಾಗಿ ಮಲಗಿದವರು, ಬಂಡೆ ಕೊರೆಯುವವರು, ಇನ್ನೂ ಕೆಳಗೆ ಗುಲಾಮರನ್ನು ತುಂಬಿದ ಹಡಗಿನ ನಕ್ಷೆ. ಧಣಿಯ ಕಾಫಿಗೂ ಗಣಿಯ ಆಳಕ್ಕೂ ಇರುವ ಸಂಬಂಧವನ್ನು ಹೇಳಲು ಅರ್ಥಶಾಸ್ತ್ರಜ್ಞರಿಗೆ ಒಂದು ಅಧ್ಯಾಯ ಬೇಕು. ಸಾಕ್ಷ್ಯಚಿತ್ರದವರು ಎರಡು ಕಡೆ ಚಿತ್ರೀಕರಿಸಿ ಜೋಡಿಸಬೇಕು, ಜೋಡಿಸಿದ್ದು ಅವರ ಅಭಿಪ್ರಾಯ ಎಂದು ಯಾರಾದರೂ ತಳ್ಳಿಹಾಕಬಹುದು. ಇಲ್ಲಿ ಒಂದೇ ಗೆರೆ ಕತ್ತರಿ ಬೀಳದೆ ಮೇಲಿನಿಂದ ಕೆಳಗಿಳಿಯುತ್ತದೆ. ಸುಖ ಇಳಿದು ಹೋಗಿ ಯಾರ ನೆತ್ತಿ ಮುಟ್ಟುತ್ತದೆ ಎಂಬುದು ಆರು ನಿಮಿಷದೊಳಗೆ ಕಣ್ಣಿಗೇ ಕಾಣುತ್ತದೆ.

ಇನ್ನು ಕ್ಯಾಮೆರಾಕ್ಕೆ ಪ್ರವೇಶವೇ ಇಲ್ಲದ ಜಾಗಗಳ ಮಾತು. ಸಿರಿಯಾದ ಸೈದ್ನಾಯಾ ಸೆರೆಮನೆಗೆ ಸ್ವತಂತ್ರ ವರದಿಗಾರರನ್ನು ಬಿಡುತ್ತಿರಲಿಲ್ಲ. ಒಳಗಿದ್ದವರಿಗೂ ಅದರ ಆಕಾರ ಗೊತ್ತಿರಲಿಲ್ಲ, ಏಕೆಂದರೆ ಅವರನ್ನು ಕಣ್ಣುಕಟ್ಟಿ, ಕತ್ತಲಲ್ಲಿ ಇಡಲಾಗಿತ್ತು. 2016ರಲ್ಲಿ, ಮಾನವ ಹಕ್ಕು ಉಲ್ಲಂಘನೆಗಳ ಜಾಡು ಹಿಡಿಯುವ ಲಂಡನ್ನಿನ ಫೊರೆನ್ಸಿಕ್ ಆರ್ಕಿಟೆಕ್ಚರ್ ತಂಡ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಜೊತೆ ಸೇರಿ, ಬದುಕಿ ಬಂದ ಕೆಲವರನ್ನು ಇಸ್ತಾಂಬುಲ್‌ನಲ್ಲಿ ಕೂರಿಸಿಕೊಂಡು ಅವರ ನೆನಪಿನಿಂದಲೇ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿತು. ಹೆಜ್ಜೆ ಸದ್ದು, ಬಾಗಿಲಿನ ಕಬ್ಬಿಣದ ಸದ್ದು, ಏಟಿನ ಪ್ರತಿಧ್ವನಿ ಎಷ್ಟು ದೂರದಿಂದ ಬಂತು ಎಂದು ಕೇಳಿ ಕೇಳಿ ಕಾರಿಡಾರಿನ ಉದ್ದ, ಕೋಣೆಯ ಅಗಲವನ್ನು ಅಂದಾಜು ಮಾಡಿದರು. ಧ್ವನಿಯ ಭಾಗವನ್ನು ನೋಡಿಕೊಂಡವರು ಕಲಾವಿದ ಲಾರೆನ್ಸ್ ಅಬು ಹಮ್ದಾನ್. ಕಿವಿಯ ಸಾಕ್ಷಿ ಕಣ್ಣಿಗೆ ಕಾಣುವಂತಾದದ್ದು ಅನಿಮೇಷನ್ನಿನಿಂದ. ಈ ತಂಡ 2018ರಲ್ಲಿ ಟರ್ನರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಕಲೆಯ ಪ್ರಶಸ್ತಿಗೆ ಇವರು ಹೇಗೆ ಎಂದು ಹುಬ್ಬೇರಿಸಿದವರಿದ್ದರು. ಕಾಣದ್ದನ್ನು ಕಾಣಿಸುವುದು ಕಲೆಯ ಕೆಲಸವಲ್ಲದೆ ಇನ್ಯಾರದು?

ಕ್ಯಾಮೆರಾ ಹೋಗಬಹುದಾದರೂ ಹೋಗಬಾರದ ಜಾಗಗಳೂ ಇವೆ. ನನ್ನ ಪಕ್ಷದ ಅತಿ ಬಲವಾದ ಸಾಕ್ಷಿ ಇಲ್ಲಿದೆ. 2018ರ ಜನವರಿಯಲ್ಲಿ ಜಮ್ಮುವಿನ ಕಠುವಾದಲ್ಲಿ ಎಂಟು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿ ಕೊಂದರು. ಮಗುವಿನ ಗುರುತು ಬಯಲು ಮಾಡಬಾರದೆಂದು ಪೋಕ್ಸೊ ಕಾನೂನು ಹೇಳುತ್ತದೆ. ಆದರೂ ಅವಳ ಹೆಸರು, ಫೋಟೊ ದೇಶವೆಲ್ಲ ಸುತ್ತಿದವು. ಆ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟು ಹಲವು ಮಾಧ್ಯಮ ಸಂಸ್ಥೆಗಳಿಗೆ ತಲಾ 10 ಲಕ್ಷ ರೂಪಾಯಿ ಕಟ್ಟುವಂತೆ ಹೇಳಬೇಕಾಯಿತು. ಮರುಕದಿಂದಲೇ ಫೋಟೊ ಹಂಚಿದವರು ಸಾವಿರಾರು, ಲಕ್ಷಾಂತರ ಮಂದಿ. ಆದರೂ ಅದು ಆ ಮಗುವಿನ ಮೇಲೆ ನಡೆದ ಎರಡನೆಯ ಅತಿಕ್ರಮಣ. ಅದೇ ಘಟನೆಯಿಂದ ಕಂಗೆಟ್ಟು ನಳಿನಿ ಮಲಾನಿ ಐಪ್ಯಾಡಿನ ಮೇಲೆ ಬೆರಳಿನಿಂದ ಗೀಚತೊಡಗಿದರು. 2018ರಿಂದ 2020ರವರೆಗೆ ಹೀಗೆ ಬರೆದ 88 ಅನಿಮೇಷನ್‌ಗಳು 'ಕ್ಯಾನ್ ಯು ಹಿಯರ್ ಮಿ?' ಎಂಬ ಹೆಸರಿನಲ್ಲಿ ಒಂಬತ್ತು ಪ್ರೊಜೆಕ್ಷನ್‌ಗಳ ಕೃತಿಯಾಗಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯ ಇಟ್ಟಿಗೆ ಗೋಡೆಯ ಮೇಲೆ ಓಡಿದವು. ಒಂದರ ಮೇಲೊಂದು ಬೀಳುವ ಗೀಚುಗಳು, ಬಣ್ಣ, ಸಾಹಿತ್ಯದಿಂದ ಎತ್ತಿದ ಸಾಲುಗಳು, ಕೂಗು. ಅಲ್ಲಿ ಆ ಮಗುವಿನ ಮುಖವಿಲ್ಲ. ಸಿಟ್ಟು ಇದೆ, ದುಃಖ ಇದೆ, ಆರೋಪ ಇದೆ, ಆದರೆ ಅವಳನ್ನು ಮತ್ತೊಮ್ಮೆ ಎಳೆದು ತಂದು ನಿಲ್ಲಿಸಿಲ್ಲ. ಕ್ಯಾಮೆರಾ ಇದನ್ನು ಮಾಡಲಾರದು. ಅದಕ್ಕೆ ಎದುರಿಗೆ ಒಂದು ದೇಹ ಬೇಕೇ ಬೇಕು.

ಕೊನೆಯದಾಗಿ, ಅಧಿಕಾರಸ್ಥರೇ ಈಗ ಅನಿಮೇಷನ್ನಿನಲ್ಲಿ ಮಾತಾಡುತ್ತಾರೆ. ಬೆಂಗಳೂರಿನಲ್ಲಿ ಒಂದು ಮೇಲ್ಸೇತುವೆಯ ಮಾತು ಎದ್ದರೆ ಸಾಕು, ತ್ರೀಡಿ ವಿಡಿಯೊ ಹಾಜರು. ಅದರಲ್ಲಿ ರಸ್ತೆ ನುಣುಪು, ಮರಗಳು ಸಾಲಾಗಿ ನೆಟ್ಟಗೆ, ವಾಹನಗಳು ಸರಾಗ. ಮನೆ ಕಳೆದುಕೊಳ್ಳುವವರು, ಗಾಡಿ ತಳ್ಳುವವರು ಆ ವಿಡಿಯೊದಲ್ಲಿಲ್ಲ. ಇನ್ನೂ ಹುಟ್ಟದ ನಗರವನ್ನು ಅನಿಮೇಷನ್ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಮಲಾನಿ ಇದನ್ನು 1969ರಲ್ಲೇ ಗ್ರಹಿಸಿದ್ದರು. ಚಿತ್ರಕಲಾವಿದ ಅಕ್ಬರ್ ಪದಮ್ಸೀ ತಮಗೆ ಸಿಕ್ಕ ನೆಹರೂ ಫೆಲೋಶಿಪ್ಪಿನ ಹಣದಲ್ಲಿ ಮುಂಬೈಯಲ್ಲಿ ತೆರೆದ ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪ್‌ನಲ್ಲಿ, ಇಪ್ಪತ್ಮೂರರ ಹರೆಯದ ಮಲಾನಿ ಮನೆಗಳ ಪುಟ್ಟ ಮಾದರಿಗಳನ್ನು ಬಣ್ಣದ ಬೆಳಕಿನಲ್ಲಿಟ್ಟು ಫ್ರೇಮ್ ಫ್ರೇಮಾಗಿ ತೆಗೆದು 'ಡ್ರೀಮ್ ಹೌಸಸ್' ಮಾಡಿದರು. ಆಧುನಿಕ ವಾಸ್ತುಶಿಲ್ಪ ಎಲ್ಲರಿಗೂ ಸೂರು ಕೊಡುತ್ತದೆಂಬ ಆ ಕಾಲದ ಕನಸು ಆ ಚಿತ್ರದೊಳಗೆ ಮಿನುಗುತ್ತದೆ. ಕನಸು ಮಾರುವ ಭಾಷೆಯಲ್ಲೇ ಕನಸನ್ನು ಪ್ರಶ್ನಿಸಲು ಕಲಿಯದಿದ್ದರೆ ಆ ಭಾಷೆಯನ್ನು ಬಿಲ್ಡರುಗಳಿಗೂ ಸೇನೆಗಳಿಗೂ ಬಿಟ್ಟುಕೊಟ್ಟಂತೆ. ಜರ್ಮನಿಯ ಚಿತ್ರ ನಿರ್ದೇಶಕ ಹರುನ್ ಫರೋಕಿ 'ಸೀರಿಯಸ್ ಗೇಮ್ಸ್' ಸರಣಿಯಲ್ಲಿ ತೋರಿಸಿದ್ದು ಇದನ್ನೇ. ಯುದ್ಧಕ್ಕೆ ಹೋಗುವ ಸೈನಿಕನ ತರಬೇತಿಗೂ, ಯುದ್ಧದಿಂದ ಮನಸ್ಸು ಕೆಟ್ಟು ಬಂದ ಸೈನಿಕನ ಚಿಕಿತ್ಸೆಗೂ ಅಮೆರಿಕದ ಸೇನೆ ಬಳಸುವುದು ಕಂಪ್ಯೂಟರ್ ಅನಿಮೇಷನ್. ತರಬೇತಿಯ ಚಿತ್ರದಲ್ಲಿ ವಸ್ತುಗಳಿಗೆ ನೆರಳಿದೆ, ಚಿಕಿತ್ಸೆಯ ಚಿತ್ರದಲ್ಲಿ ಇಲ್ಲ. ಅದು ಅಗ್ಗದ್ದು. ಕೊಲ್ಲಲು ಕಲಿಸುವಾಗ ನೆರಳಿಗೆ ಖರ್ಚು ಮಾಡುವ ಸರ್ಕಾರ ಗುಣಪಡಿಸುವಾಗ ಅದನ್ನೂ ಉಳಿಸುತ್ತದೆ. ಈ ಒಂದು ಅಂಶ ಕಾಣಬೇಕಾದರೆ ಅನಿಮೇಷನ್ನನ್ನು ಅನಿಮೇಷನ್ ಎಂದೇ ಗಂಭೀರವಾಗಿ ನೋಡುವ ಕಣ್ಣು ಬೇಕು.

ವಿರೋಧ: ನೋಡುವವನನ್ನು ಪಾರು ಮಾಡುವ ಚಿತ್ರ

ಕೆಂಟ್ರಿಡ್ಜ್ ಅವರ ಚಿತ್ರಗಳು ಸುಂದರ. ನನ್ನ ತಕರಾರು ಅಲ್ಲಿಂದಲೇ ಹುಟ್ಟುತ್ತದೆ.

ಅವರೇ ಹಲವು ಸಲ ಹೇಳಿಕೊಂಡ ಬಾಲ್ಯದ ಸಂಗತಿಯೊಂದಿದೆ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ಕೆಂಟ್ರಿಡ್ಜ್ ಅವರ ತಂದೆ ಸಿಡ್ನಿ ಕೆಂಟ್ರಿಡ್ಜ್ ಹೆಸರಾಂತ ವಕೀಲರು, ಆ ಪ್ರಕರಣದಲ್ಲಿ ಸಂತ್ರಸ್ತರ ಪರ ಕೆಲಸ ಮಾಡಿದವರು. ತಂದೆಯ ಓದುಕೋಣೆಯಲ್ಲಿ ಹಳದಿ ಬಣ್ಣದ ಕೊಡ್ಯಾಕ್ ಪೆಟ್ಟಿಗೆ ಕಂಡು, ಚಾಕೊಲೇಟ್ ಇರಬಹುದೆಂದು ಆರು ವರ್ಷದ ಹುಡುಗ ತೆರೆದ. ಒಳಗೆ ಗುಂಡೇಟಿನಿಂದ ಸತ್ತವರ ಫೋಟೊಗಳು. ಆ ಹುಡುಗನ ಲೋಕವನ್ನು ಅಲುಗಾಡಿಸಿದ್ದು ಫೋಟೊ. ಅದಕ್ಕೆ ಅಂದದ ಹಂಗಿರಲಿಲ್ಲ, ಸಂಗೀತವಿರಲಿಲ್ಲ, ಯಾವ ಕಲಾವಿದನ ಕೈಚಳಕವೂ ನಡುವೆ ನಿಂತಿರಲಿಲ್ಲ. ಗುಂಡು ಒಳಹೊಕ್ಕ ಜಾಗ, ಹೊರಬಂದ ಜಾಗ, ಅಷ್ಟೇ. ಪರ ಲೇಖನ ಹೊಗಳುವ ಇದ್ದಿಲಿನ ಕಲೆಗಳೆಲ್ಲ ಆ ಪೆಟ್ಟಿಗೆಯ ಆಘಾತವನ್ನು ತಡೆದುಕೊಳ್ಳುವಂತೆ ಮಾಡಿಕೊಂಡ ದಾರಿ ಎಂದೇ ನಾನು ತಿಳಿಯುತ್ತೇನೆ. ಕಲಾವಿದನಿಗೆ ಆ ದಾರಿ ಬೇಕಿತ್ತು, ಅದು ಪ್ರಾಮಾಣಿಕವೂ ಹೌದು. ಗ್ಯಾಲರಿಗೆ ಬಂದ ನೋಡುಗನಿಗೆ ಮಾತ್ರ ಅದು ಬಲು ಸುಲಭವಾಗಿ ಕೈಗೆ ಸಿಕ್ಕಿಬಿಡುತ್ತದೆ. ಆಘಾತ ಪಡದೆ ತಡೆದುಕೊಂಡ ತೃಪ್ತಿ ಮಾತ್ರ ಅವನ ಪಾಲಿಗೆ.

'ಫೆಲಿಕ್ಸ್ ಇನ್ ಎಕ್ಸೈಲ್' ಅನ್ನೇ ಮತ್ತೆ ನೋಡಿ. ಸಾಯುವವಳು ನಂದಿ. ಅವಳ ಚಿತ್ರಗಳನ್ನು ನೋಡಿ ಕೊರಗುವವನು ಫೆಲಿಕ್ಸ್, ಬಿಳಿಯ. ಅವಳು ಕರಗಿ ಬಯಲಾದ ಮೇಲೂ ಕಡೆಯ ದೃಶ್ಯದಲ್ಲಿ ನೀರಿನ ನಡುವೆ ನಿಂತಿರುವವನು ಅವನೇ. 1996ರ 'ಹಿಸ್ಟರಿ ಆಫ್ ದಿ ಮೇನ್ ಕಂಪ್ಲೇಂಟ್'ನಲ್ಲೂ ಆಸ್ಪತ್ರೆಯ ಮಂಚದ ಮೇಲಿರುವವನು ಗಣಿ ಧಣಿ ಸೋಹೋ. ಎಕ್ಸ್‌ರೇಯಲ್ಲಿ ತೆರೆದುಕೊಳ್ಳುವುದು ಅವನ ಒಳಗು, ಹೊಡೆತ ತಿಂದ ಕಪ್ಪು ದೇಹಗಳು ಬರುವುದು ಅವನ ನೆನಪಿನಲ್ಲಿ. ದೇಶದಲ್ಲಿ ಆಗಷ್ಟೇ, ವರ್ಣಭೇದ ಕಾಲದ ದೌರ್ಜನ್ಯಗಳನ್ನು ವಿಚಾರಿಸುತ್ತಿದ್ದ ಸತ್ಯ ಮತ್ತು ಸಂಧಾನ ಆಯೋಗದ ಮುಂದೆ ತಾಯಂದಿರು, ಹೆಂಡಿರು ಕೂತು ತಮ್ಮದೇ ಬಾಯಿಂದ ನಡೆದದ್ದನ್ನು ಹೇಳುತ್ತಿದ್ದರು, ರೇಡಿಯೊ, ಟೀವಿಯಲ್ಲಿ ಜನ ಅದನ್ನು ಕೇಳುತ್ತಿದ್ದರು. ಅದೇ ಹೊತ್ತಿನಲ್ಲಿ ಗೆರೆಯ ಚಿತ್ರ ಬಿಳಿಯ ಧಣಿಯ ಆತ್ಮಸಾಕ್ಷಿಯ ಸುತ್ತ ತಿರುಗಿತು. ಇದು ಕೆಂಟ್ರಿಡ್ಜ್ ಒಬ್ಬರ ದೋಷವೆಂದು ನಾನು ಹೇಳುವುದಿಲ್ಲ. ಅವರು ತಾವು ನಿಂತ ಜಾಗದಿಂದ, ಅದನ್ನು ಮರೆಮಾಚದೆ ಬರೆದರು. ಆದರೆ ಕೈಯಲ್ಲಿ ಬರೆದ ಅನಿಮೇಷನ್ನಿನ ಸ್ವಭಾವವೇ ಬರೆದವನ ಮನಸ್ಸಿನ ಕಡೆಗೆ ವಾಲುವುದು. ಪ್ರತಿ ಗೆರೆಯೂ ಅವನದು, ಹೆಣದ ಗೆರೆ ಕೂಡ. ಛಾಯಾಚಿತ್ರದಲ್ಲಿ ತೆಗೆದವನ ಇಷ್ಟವನ್ನು ಮೀರಿ ಏನಾದರೊಂದು ನುಗ್ಗಿಬಿಡುತ್ತದೆ. ಸತ್ತವನ ಚಪ್ಪಲಿ, ಹಿಂದೆ ನಿಂತ ಪೊಲೀಸನ ಮುಖಭಾವ, ಯಾರೂ ಉದ್ದೇಶಿಸದ ವಿವರ. ಗೆರೆಯಲ್ಲಿ ಹಾಗೆ ನುಗ್ಗುವುದು ಏನೂ ಇಲ್ಲ. ಕಲಾವಿದ ಬಿಟ್ಟರೆ ಮಾತ್ರ ಒಳಗೆ.

ಈ ಕೊರತೆ ಅನಿಮೇಷನ್ ಮಾಡುವವರಿಗೇ ಗೊತ್ತಿದೆ. ಆರಿ ಫೋಲ್ಮನ್ ಅವರ 2008ರ 'ವಾಲ್ಟ್ಸ್ ವಿತ್ ಬಶೀರ್' ಪೂರ್ತಿ ಅನಿಮೇಷನ್ ಚಿತ್ರ, ಲೆಬನಾನ್ ಯುದ್ಧದಲ್ಲಿದ್ದ ಇಸ್ರೇಲಿ ಸೈನಿಕನ ಕಳೆದುಹೋದ ನೆನಪಿನ ಹುಡುಕಾಟ. ಕೊನೆಯ ನಿಮಿಷದಲ್ಲಿ, ಬೈರೂತಿನ ಪ್ಯಾಲೆಸ್ಟೀನಿ ನಿರಾಶ್ರಿತರ ನೆಲೆಗಳಲ್ಲಿ ನಡೆದ 1982ರ ಸಬ್ರಾ ಮತ್ತು ಶತೀಲಾ ಹತ್ಯಾಕಾಂಡ ಬಂದ ಕೂಡಲೇ, ಗೆರೆ ಬಣ್ಣ ಎಲ್ಲ ನಿಂತು ಆಗಿನ ಸುದ್ದಿ ಕ್ಯಾಮೆರಾದ ದೃಶ್ಯಗಳು ಬರುತ್ತವೆ. ಅಳುತ್ತಿರುವ ಹೆಂಗಸರು, ಹೆಣಗಳು. ಇಡೀ ಚಿತ್ರವನ್ನು ಅನಿಮೇಷನ್ನಿನಲ್ಲೇ ನಂಬಿ ಕಟ್ಟಿದ ನಿರ್ದೇಶಕನಿಗೆ ಹೆಣದ ಎದುರು ಬಂದಾಗ ಅದು ಸಾಲಲಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತಿತ್ತು, ಆ ಕಾರಣಕ್ಕೆ ನನಗೆ ಆ ಚಿತ್ರದ ಮೇಲೆ ಗೌರವ.

ಕ್ಯಾಮೆರಾ ಹೋಗದ ಕಡೆ ಅನಿಮೇಷನ್ ಹೋಗುತ್ತದೆ ಎಂಬ ವಾದಕ್ಕೆ ಒಂದು ಹಳೆಯ ಉದಾಹರಣೆ ಇದೆ, ಅದನ್ನು ಪರ ಪಕ್ಷ ಮುಟ್ಟಲಿಲ್ಲ. 1915ರ ಮೇ 7ರಂದು ಜರ್ಮನ್ ಸಬ್‌ಮರೀನ್ ಬ್ರಿಟನ್ನಿನ ಪ್ರಯಾಣಿಕ ಹಡಗು ಲುಸಿಟೇನಿಯಾವನ್ನು ಮುಳುಗಿಸಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಅಲ್ಲಿ ಕ್ಯಾಮೆರಾ ಇರಲಿಲ್ಲ. ಅಮೆರಿಕದ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ ಸಾವಿರಾರು ಚಿತ್ರ ಬರೆದು 1918ರಲ್ಲಿ ಅದನ್ನು ಅನಿಮೇಷನ್ ಮಾಡಿದರು. ಅಲೆ, ಹೊಗೆ, ವಾಲುವ ಹಡಗು ನಿಜವೆಂಬಂತೆ ಕಾಣುತ್ತವೆ. ಕೂಸನ್ನು ಎತ್ತಿ ಹಿಡಿದು ಮುಳುಗುವ ತಾಯಿಯ ದೃಶ್ಯವಾದ ಮೇಲೆ ಜರ್ಮನರನ್ನು ದ್ವೇಷಿಸಲು ಹೇಳುವ ಬರಹ ಬರುತ್ತದೆ. ಯಾರೂ ನೋಡದ್ದನ್ನು ಕಾಣಿಸುವ ಶಕ್ತಿ ಶುರುವಿನಲ್ಲೇ ಯುದ್ಧ ಪ್ರಚಾರದ ಕೈಯಲ್ಲಿತ್ತು. ಈಗ ದೂರ ಹೋಗಬೇಕಾಗಿಲ್ಲ. ನಮ್ಮ ಕನ್ನಡ ನ್ಯೂಸ್ ಚಾನೆಲ್ ಹಾಕಿದರೆ ಸಾಕು. ಕೊಲೆ ನಡೆದ ಸಂಜೆಯೇ ಗ್ರಾಫಿಕ್ಸಿನಲ್ಲಿ ಅದರ ಮರುಸೃಷ್ಟಿ. ಕಪ್ಪು ಆಕೃತಿಯೊಂದು ಬಾಗಿಲು ದೂಡುತ್ತದೆ, ಚಾಕು ಎತ್ತುತ್ತದೆ. ಆರೋಪಪಟ್ಟಿ ಸಲ್ಲಿಕೆಯಾಗಿಲ್ಲ, ಸಾಕ್ಷಿಗಳ ವಿಚಾರಣೆ ಆಗಿಲ್ಲ, ಮನೆಮಂದಿಯೆಲ್ಲ ಕೊಲೆಯನ್ನು ಕಣ್ಣಾರೆ ಕಂಡಷ್ಟು ನಂಬಿಯಾಯಿತು. ಆರೋಪಿಗೆ ಶಿಕ್ಷೆಯೂ ಮನಸ್ಸಿನಲ್ಲೇ ಆಗಿಹೋಯಿತು.

ಹಾಗಿದ್ದರೆ ಸೈದ್ನಾಯಾದ ಕೆಲಸ? ಅದು ದೊಡ್ಡ ಕೆಲಸ, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಅದರ ಬಲ ಬಂದದ್ದು ಬದುಕುಳಿದವರ ಮಾತಿನಿಂದ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಜೊತೆ ತಾಳೆ ನೋಡಿದ ಶಿಸ್ತಿನಿಂದ. ಕಂಪ್ಯೂಟರಿನ ಕಟ್ಟಡ ಆ ತಾಳೆಗೆ ಒಂದು ಸಾಧನ. ಆ ಶಿಸ್ತನ್ನು ತೆಗೆದುಬಿಟ್ಟರೆ ಉಳಿಯುವುದಕ್ಕೂ ಚಾನೆಲ್ಲಿನ ಗ್ರಾಫಿಕ್ಸಿಗೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗದು. ಸಾಕ್ಷ್ಯವನ್ನು ವಿಮರ್ಶಿಸಿದ್ದು ವಿಧಾನ. ಕೀರ್ತಿಯನ್ನು ಮಾಧ್ಯಮಕ್ಕೆ ಕೊಡುವುದು ಸರಿಯಲ್ಲ.

ಫರೋಕಿಯವರ ವಿಷಯದಲ್ಲಿ ಪರ ಲೇಖನ ಎಡವಿದೆ ಎಂದೇ ನನ್ನ ಅಭಿಪ್ರಾಯ. ನೆರಳಿದೆ, ನೆರಳಿಲ್ಲ ಎಂಬುದನ್ನು ಎತ್ತಿ ತೋರಿಸಿದ್ದು ಯಾವುದು? ಫರೋಕಿ ಅನಿಮೇಷನ್ ಮಾಡಲಿಲ್ಲ. ಸೇನೆಯ ಅನಿಮೇಷನ್ನನ್ನು, ಅದನ್ನು ನೋಡುತ್ತಾ ಕೂತ ಜನರನ್ನು ಕ್ಯಾಮೆರಾದಲ್ಲಿ ಹಿಡಿದು ಅಕ್ಕಪಕ್ಕ ಇಟ್ಟರು. ಆ ಸರಣಿಯ 'ಇಮ್ಮರ್ಷನ್' ಭಾಗದಲ್ಲಿ ಒಬ್ಬ ತಲೆಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡು, ಇರಾಕಿನ ಬೀದಿಯಲ್ಲಿ ಜೊತೆಗಾರ ಸತ್ತದ್ದನ್ನು ತಡವರಿಸುತ್ತಾ ಹೇಳುತ್ತಾನೆ. ಅವನ ದನಿ ನಡುಗುತ್ತದೆ, ಸಾಕು ನಿಲ್ಲಿಸಿ ಎನ್ನುತ್ತಾನೆ. ನಾವು ಉಸಿರು ಹಿಡಿದು ನೋಡುತ್ತೇವೆ. ಮುಗಿದ ಮೇಲೆ ಚಪ್ಪಾಳೆ. ಆಗ ಗೊತ್ತಾಗುತ್ತದೆ, ಅವನು ಸೈನಿಕನಲ್ಲ, ಈ ಚಿಕಿತ್ಸೆಯ ತಂತ್ರವನ್ನು ಪ್ರಾತ್ಯಕ್ಷಿಕೆಗಾಗಿ ಅಭಿನಯಿಸಿದ ಚಿಕಿತ್ಸಕ. ನಮ್ಮ ನಂಬಿಕೆಯನ್ನು ಒಂದೇ ಕ್ಷಣದಲ್ಲಿ ನಮ್ಮ ಮುಂದೆಯೇ ಬಿಚ್ಚಿ ಇಟ್ಟ ಆ ಚಪ್ಪಾಳೆ ಕ್ಯಾಮೆರಾ ದಾಖಲಿಸಿದ್ದು. ವಿಮರ್ಶೆ ನಡೆದದ್ದು ಅನಿಮೇಷನ್ನಿನ ಹೊರಗೆ ನಿಂತು.

ಮಲಾನಿಯವರ ವಿಷಯ ಬೇರೆ. ಕಠುವಾದ ಮಗುವಿನ ಫೋಟೊ ಬಗ್ಗೆ ಪರ ಲೇಖನ ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಲ್ಲಿ ಗೆರೆಯೇ ಸರಿ, ಅದೊಂದೇ ಸರಿ. ಆದರೆ ಅವರ 'ಡ್ರೀಮ್ ಹೌಸಸ್' ಅಷ್ಟಕ್ಕೇ ನಿಲ್ಲಲಿಲ್ಲ ಎಂಬುದನ್ನು ಪರ ಲೇಖನ ಬಿಟ್ಟಿದೆ. 1976ರಲ್ಲಿ ಮಲಾನಿ ಅದರ ಪಕ್ಕಕ್ಕೆ ಕಪ್ಪುಬಿಳುಪಿನ ಇನ್ನೊಂದು ಚಿತ್ರ ತಂದಿಟ್ಟರು. ಅದರಲ್ಲಿ ಒಬ್ಬ ಹೆಣ್ಣುಮಗಳು ಎತ್ತರದಿಂದ ಮುಂಬೈಯನ್ನು ನೋಡುತ್ತಾಳೆ, ಕಾಣುವುದು ಗುಡಿಸಲುಗಳ ನಗರ. ಎರಡೂ ಸೇರಿ 'ಯುಟೋಪಿಯಾ' ಎಂಬ ಒಂದೇ ಕೃತಿ, ಪಕ್ಕಪಕ್ಕದಲ್ಲೇ ಓಡುತ್ತದೆ. ಬಣ್ಣದ ಅನಿಮೇಷನ್ ಒಂದೇ ಇದ್ದಾಗ ಅದು ಕನಸಾಗಿತ್ತು. ಏಳು ವರ್ಷದ ಮೇಲೆ ಕ್ಯಾಮೆರಾದ ನಗರ ಪಕ್ಕಕ್ಕೆ ಬಂದಾಗ ಅದು ಟೀಕೆಯಾಯಿತು. ನಾನು ಹೇಳಬೇಕೆಂದಿರುವುದನ್ನು ನನಗಿಂತ ಚೆನ್ನಾಗಿ ಆ ಕೃತಿ ಹೇಳುತ್ತದೆ. ಅನಿಮೇಷನ್ ತನ್ನಷ್ಟಕ್ಕೆ ವಿಮರ್ಶೆಯಲ್ಲ, ಅದಕ್ಕೆ ಎದುರಾಗಿ ಇನ್ನೊಂದು ನಿಲ್ಲಬೇಕು.

ಯಾರಿಗಾಗಿ ಎಂಬ ಪ್ರಶ್ನೆಯೂ ಇದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಲ್ಲಿ ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಆಡಿಸಿದರು. ಪರದೆಯ ಮುಂದೆ ಕೂತವರು ಊರಿನವರು, ಕಥೆ ತಪ್ಪಿದರೆ ಅಲ್ಲೇ ಕೂಗಿ ಹೇಳುವವರು. ಗ್ಯಾಲರಿಯ ಕತ್ತಲೆಯಲ್ಲಿ ಸುತ್ತಿ ಸುತ್ತಿ ಓಡುವ ಎಂಟು ನಿಮಿಷದ ಚಿತ್ರಕ್ಕೆ ಯಾರೂ ಎದುರು ಮಾತಾಡುವುದಿಲ್ಲ. ಮಧ್ಯದಲ್ಲಿ ಒಳಗೆ ಬರುತ್ತಾರೆ, ಮಧ್ಯದಲ್ಲೇ ಎದ್ದು ಹೋಗುತ್ತಾರೆ. ಚಿತ್ರಕ್ಕೆಂದು ಬರೆದ ಹಾಳೆಗಳು ಚೌಕಟ್ಟು ಹಾಕಿಸಿಕೊಂಡು ಮಾರಾಟವಾಗುತ್ತವೆ.

ನನಗೆ ಅತಿ ಹೆಚ್ಚು ನೋವು ಕೊಡುವ ವಿಷಯ ದುಡಿಮೆಯದು. ಗ್ಯಾಲರಿಯ ಅನಿಮೇಷನ್ ಎಲ್ಲದರ ಬಗ್ಗೆಯೂ ಮಾತಾಡಿದೆ, ಅನಿಮೇಷನ್ ಮಾಡುವ ಕೈಗಳ ಬಗ್ಗೆ ಬಿಟ್ಟು. 1999ರಲ್ಲಿ ಫ್ರಾನ್ಸಿನ ಪಿಯರ್ ಹ್ಯೂಗ್ ಮತ್ತು ಫಿಲಿಪ್ ಪರೆನೊ ಜಪಾನಿನ ಕಂಪನಿಯೊಂದರಿಂದ ಆನ್‌ಲೀ ಎಂಬ ಕಾರ್ಟೂನ್ ಹುಡುಗಿಯ ಹಕ್ಕನ್ನು 46,000 ಯೆನ್‌ಗೆ ಕೊಂಡರು. ಅಗ್ಗದ ಪಾತ್ರ, ಯಾವ ಕಥೆಯಲ್ಲಿ ಬಂದರೂ ಬೇಗ ಸಾಯಲೆಂದೇ ಮಾಡಿದ್ದು. ಅವಳನ್ನು ಬೇರೆ ಬೇರೆ ಕಲಾವಿದರಿಗೆ ಕೊಟ್ಟು ಚಿತ್ರ ಮಾಡಿಸಿ, 2002ರಲ್ಲಿ ಅವಳ ಹಕ್ಕನ್ನು ಕಾಗದಪತ್ರದ ಮೂಲಕ ಅವಳಿಗೇ ಒಪ್ಪಿಸಿ ಬಿಡುಗಡೆ ಮಾಡಿದರು. ಒಡೆತನವನ್ನು ಪ್ರಶ್ನಿಸಿದ ಕೃತಿಯೆಂದು ಅದಕ್ಕೆ ದೊಡ್ಡ ಹೆಸರು. ಪಾತ್ರಕ್ಕೆ ಬಿಡುಗಡೆ ಸಿಕ್ಕಿತು. ಅವಳನ್ನು ಮೊದಲು ಬರೆದ ಉದ್ಯೋಗಿಯ ಮಾತು ಆ ಚರ್ಚೆಗಳಲ್ಲಿ ಬರುವುದೇ ಅಪರೂಪ.

ಬೆಂಗಳೂರಿನವರಿಗೆ ಇದು ದೂರದ ಮಾತಲ್ಲ. ಹಾಲಿವುಡ್ಡಿನ ಎಷ್ಟೋ ಚಿತ್ರಗಳ ಕೂದಲು, ಬೆಂಕಿ, ನೀರು, ಗುಂಪು ದೃಶ್ಯಗಳು ಇಲ್ಲಿನ ಪಾಳಿ ಕೆಲಸದಲ್ಲಿ ಹುಟ್ಟಿದವು. ಮಾಡಿದವರ ಹೆಸರು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಓಡಿಹೋಗುತ್ತದೆ, ಎಷ್ಟೋ ಸಲ ಅದೂ ಇಲ್ಲ. 2025ರ ಫೆಬ್ರುವರಿಯಲ್ಲಿ, ಇಂಥ ದೃಶ್ಯಗಳನ್ನು ಮಾಡಿಸುತ್ತಿದ್ದ ಟೆಕ್ನಿಕಲರ್ ಗ್ರೂಪ್ ಎಂಬ ಕಂಪನಿ ಕುಸಿದಾಗ ಬೆಂಗಳೂರು ಮತ್ತು ಮುಂಬೈಗಳಲ್ಲಿ ಅದಕ್ಕೆ ದುಡಿಯುತ್ತಿದ್ದ ಸಾವಿರಾರು ಜನ ಕೆಲವೇ ದಿನಗಳಲ್ಲಿ ಕೆಲಸ ಕಳೆದುಕೊಂಡರು. ಕಾಫಿ ಪಾತ್ರೆಯ ಹಿಡಿಯನ್ನು ಗಣಿಯ ತಳದವರೆಗೆ ಇಳಿಸಿ ತೋರಿಸಬಲ್ಲ ಮಾಧ್ಯಮ ತನ್ನ ಪಕ್ಕದ ಕಟ್ಟಡದಲ್ಲಿ ರಾತ್ರಿ ಪಾಳಿ ಮಾಡುವವರ ಕಡೆಗೆ ಅದೇ ಹಿಡಿಯನ್ನು ಇಳಿಸಿದ್ದನ್ನು ನಾನು ಇನ್ನೂ ನೋಡಿಲ್ಲ. ಹಿಂಸೆಯನ್ನು ತೋರಿಸುವ ಪ್ರತಿ ಅನಿಮೇಷನ್ನಿನ ಪಕ್ಕದಲ್ಲಿ ಘಟನೆಯ ತಾರೀಕು, ಊರು, ಕೇಸು ಎಲ್ಲಿಗೆ ಬಂತು ಎಂಬ ವಿವರ ಹಾಕಲಿ. ಫ್ರೇಮುಗಳನ್ನು ಯಾರು ಬರೆದರು, ಅವರಿಗೆ ಎಷ್ಟು ಕೂಲಿ ಕೊಟ್ಟರು ಎಂಬುದನ್ನೂ ಹಾಕಲಿ. ಯಾವ ಗ್ಯಾಲರಿಗೂ ಇದು ಕಷ್ಟದ ಕೆಲಸವಲ್ಲ. ಮೊದಲು ಅದಾಗಲಿ, ವಿಮರ್ಶೆಯ ಮಾಧ್ಯಮ ಎಂಬ ಬಿರುದಿನ ಮಾತನ್ನು ಆಮೇಲೆ ಆಡೋಣ.